ಎಲೆಕ್ಟ್ರಾನಿಕ್: ಕ್ರಾಫ್ಟ್‌ವರ್ಕ್‌ನಿಂದ ಕೆಮಿಕಲ್ ಬ್ರದರ್ಸ್‌ವರೆಗೆ

ಎಲೆಕ್ಟ್ರಾನಿಕ್ ಸಂಗೀತ ಮತ್ತು ಕ್ಲಬ್ ಸಂಸ್ಕೃತಿಯ ಚರಿತ್ರೆಯನ್ನು ಕುರಿತ ವಸ್ತುಪ್ರದರ್ಶನ. ಲಂಡನ್ನಿನ ಡಿಸೈನ್ ಮ್ಯೂಸಿಯಂನಲ್ಲಿ 2020ರ ಜುಲೈ 31ರಂದು ಆರಂಭವಾಯಿತು. ಇದರ ಮೂಲ ರೂಪ ಪ್ಯಾರಿಸ್ಸಿನದು. ಅಲ್ಲಿನ ಫಿಲ್‌ಹಾರ್ಮೊನಿಯ ಸಂಗೀತ ಸಂಗ್ರಹಾಲಯದಲ್ಲಿ 2019ರ ಏಪ್ರಿಲ್ 9ರಿಂದ ಆಗಸ್ಟ್ 11ರವರೆಗೆ 'ಎಲೆಕ್ಟ್ರೊ: ಕ್ರಾಫ್ಟ್‌ವರ್ಕ್‌ನಿಂದ ಡಾಫ್ಟ್ ಪಂಕ್‌ವರೆಗೆ' ಎಂಬ ಹೆಸರಿನಲ್ಲಿ ನಡೆದಿತ್ತು. ಲಂಡನ್ನಿನ ನಂತರ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದ ಕುನ್ಸ್ಟ್‌ಪಲಾಸ್ಟ್ ಕಲಾಸಂಗ್ರಹಾಲಯದಲ್ಲಿ 2021ರ ಡಿಸೆಂಬರ್ 9ರಿಂದ 2022ರ ಮೇ 15ರವರೆಗೆ 'ಎಲೆಕ್ಟ್ರೊ: ಕ್ರಾಫ್ಟ್‌ವರ್ಕ್‌ನಿಂದ ಟೆಕ್ನೊವರೆಗೆ' ಎಂಬ ಮೂರನೆಯ ರೂಪ ಪಡೆಯಿತು. ಪ್ರದರ್ಶನದ ಮೂಲ ಕಲ್ಪನೆ ಫ್ರಾನ್ಸಿನ ಪತ್ರಕರ್ತ ಹಾಗೂ ಡಿಜೆ ಜಾನ್-ಈವ್ ಲೆಲೂ ಅವರದು. ಲಂಡನ್ನಿನಲ್ಲಿ ಡಿಸೈನ್ ಮ್ಯೂಸಿಯಂನ ಜೆಮ್ಮಾ ಕರ್ಟಿನ್ ಅವರೊಡನೆ ಸೇರಿ ಅದನ್ನು ಬೆಳೆಸಿದರು.

ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಜಗತ್ತಿನ ಯುವಜನರ ರಾತ್ರಿಗಳನ್ನು ರೂಪಿಸಿದ ಸಂಗೀತ ಇದು. ಆದರೆ ಸಂಗ್ರಹಾಲಯದಲ್ಲಿ ಇಡುವುದು ಸುಲಭವಲ್ಲ. ಇದಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕಿರುವಂತೆ ಹಸ್ತಪ್ರತಿಗಳಿಲ್ಲ, ಮರದಲ್ಲಿ ಕೆತ್ತಿದ ಸುಂದರ ವಾದ್ಯಗಳಿಲ್ಲ. ಬಹುಪಾಲು ಗಾನತಟ್ಟೆಗಳ ಮೇಲೆ ಕಲಾವಿದನ ಮುಖವೂ ಇಲ್ಲ. ಇದರ ನಿಜವಾದ ಅಸ್ತಿತ್ವ ಕತ್ತಲ ಕೋಣೆಯಲ್ಲಿ, ದೊಡ್ಡ ಸ್ಪೀಕರುಗಳ ಎದುರು, ಬೆವರಿದ ನೂರಾರು ಜನರ ಒಟ್ಟು ಚಲನೆಯಲ್ಲಿದೆ. ಬೆಳಗಾದ ಮೇಲೆ ಉಳಿಯುವುದು ಕರಪತ್ರ, ಪ್ರವೇಶ ಚೀಟಿ, ಕೆಲವು ಮಸುಕು ಛಾಯಾಚಿತ್ರ. ಇಂಥ ರಾತ್ರಿಯಲ್ಲಿ ಯಾವುದನ್ನು ಹಗಲಿನ ಸಂಗ್ರಹಾಲಯಕ್ಕೆ ತರಬಹುದು, ಹಾಗೆ ತಂದದ್ದು ಯಾರ ರಾತ್ರಿ ಎಂಬ ಎರಡು ಪ್ರಶ್ನೆಗಳಿಂದಲೇ ಈ ಪ್ರದರ್ಶನವನ್ನು ಅಳೆಯಬೇಕು.

ಮೂರು ನಗರ, ಮೂರು ರೂಪ

ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆದ ಕಟ್ಟಡ ಈಶಾನ್ಯ ಭಾಗದ ಲಾ ವಿಲೆತ್ ಉದ್ಯಾನದಲ್ಲಿದೆ. ಇಲ್ಲಿನ ಸಂಗೀತ ಸಂಗ್ರಹಾಲಯ 1997ರಲ್ಲಿ ತೆರೆಯಿತು. ಶತಮಾನಗಳಷ್ಟು ಹಳೆಯ ಪಿಟೀಲು, ಹಾರ್ಪ್‌ಸಿಕಾರ್ಡ್‌ಗಳನ್ನು ಕಾಪಿಡುವ ಸಂಸ್ಥೆ ಡ್ರಮ್ ಮಷೀನ್‌ಗೂ ಅದೇ ಗೌರವದ ಗಾಜಿನ ಪೆಟ್ಟಿಗೆ ಕೊಟ್ಟಿತು. ಟೆಕ್ನೊ ಕೂಟಗಳನ್ನು ಫ್ರಾನ್ಸಿನ ಗೃಹಖಾತೆ 1995ರ ಸುತ್ತೋಲೆಯೊಂದರಲ್ಲಿ ಹೆಚ್ಚು ಅಪಾಯದ ಸನ್ನಿವೇಶಗಳೆಂದು ಬಣ್ಣಿಸಿತ್ತು. ಆ ಸುತ್ತೋಲೆ ಹೊರಟು ಇನ್ನೂ ಕಾಲು ಶತಮಾನ ಕಳೆದಿರಲಿಲ್ಲ.

ರಂಗಸಜ್ಜಿಕೆಯನ್ನು '1024 ಆರ್ಕಿಟೆಕ್ಚರ್' ಎಂಬ ಪ್ಯಾರಿಸ್ಸಿನ ತಂಡ ರೂಪಿಸಿತು. ವೇದಿಕೆಯ ಬೆಳಕಿನ ವಿನ್ಯಾಸದಲ್ಲಿ ಪಳಗಿದವರು ಇವರು. ಇಡೀ ಪ್ರದರ್ಶನಕ್ಕೆ ಹಿನ್ನೆಲೆ ಸಂಗೀತವನ್ನು ಡಿಜೆ ಲೋರಾಂ ಗಾರ್ನಿಯೆ ಜೋಡಿಸಿದರು. ಫ್ರಾನ್ಸಿನಲ್ಲಿ ಟೆಕ್ನೊ ಬೇರೂರಲು ಕಾರಣರಾದ ಗಾರ್ನಿಯೆ 1987ರಲ್ಲಿ ಡಿಜೆ ವೃತ್ತಿ ಆರಂಭಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಹಸಿಯೆಂಡಾ ಕ್ಲಬ್ಬಿನಲ್ಲಿ. ಡಾಫ್ಟ್ ಪಂಕ್ ಜೋಡಿ ತಮ್ಮ 2005ರ 'ಟೆಕ್ನಾಲಾಜಿಕ್' ಹಾಡನ್ನು ಆಧರಿಸಿ ಒಂದು ಕೋಣೆಯನ್ನೇ ಸಜ್ಜುಗೊಳಿಸಿದರು. ಸಂಗೀತಗಾರ ಜಾನ್-ಮಿಷೆಲ್ ಜಾರ್ ಅವರ ವಾದ್ಯಗಳಿಂದ ಒಂದು ಕಾಲ್ಪನಿಕ ಸ್ಟುಡಿಯೊ ಕಟ್ಟಲಾಯಿತು.

ಲಂಡನ್ ರೂಪದಲ್ಲಿ ಜಾರ್ ಅವರ ಸ್ಟುಡಿಯೊ, ಗಾರ್ನಿಯೆ ಅವರ ಸಂಗೀತ, ಕ್ರಾಫ್ಟ್‌ವರ್ಕ್‌ನ ಮೂರು ಆಯಾಮದ ಚಿತ್ರ ಪ್ರದರ್ಶನ ಉಳಿದುಕೊಂಡವು. ಡಾಫ್ಟ್ ಪಂಕ್ ಇದ್ದ ಜಾಗಕ್ಕೆ ಕೆಮಿಕಲ್ ಬ್ರದರ್ಸ್ ಬಂದರು. ಟಾಮ್ ರೋಲಂಡ್ಸ್ ಮತ್ತು ಎಡ್ ಸೈಮನ್ಸ್ ಎಂಬ ಈ ಜೋಡಿ 1989ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಜೊತೆಯಾದವರು, ಹಸಿಯೆಂಡಾದಲ್ಲಿ ಕುಣಿದವರು. ಇವರ ಸಂಗೀತ ಕಛೇರಿಗಳಿಗೆ ದೃಶ್ಯ ಜೋಡಿಸುವ ಸ್ಮಿತ್ ಮತ್ತು ಲಯಾಲ್ ಎಂಬ ವಿನ್ಯಾಸಕಾರರು 'ಗಾಟ್ ಟು ಕೀಪ್ ಆನ್' ಹಾಡಿಗೆ ಪ್ರದರ್ಶನದ ಕೊನೆಯ ಕೋಣೆ ಸಿದ್ಧಪಡಿಸಿದರು. ಹೊಗೆ, ಮಿನುಗುವ ಸ್ಟ್ರೋಬ್ ಬೆಳಕು, ಎದೆಗೆ ಬಡಿಯುವ ಬೇಸ್ ಎಲ್ಲ ಅಲ್ಲಿದ್ದವು. ಇಡೀ ಪ್ರದರ್ಶನದಲ್ಲಿ ನಿಜವಾದ ಕ್ಲಬ್ಬಿಗೆ ಅತಿ ಹತ್ತಿರ ಬಂದದ್ದು ಈ ಕೋಣೆಯೇ. 1024 ತಂಡದ 'ಕೋರ್' ಎಂಬ ಬೆಳಕಿನ ಶಿಲ್ಪ ಸಂಗೀತಕ್ಕೆ ಸ್ಪಂದಿಸುತ್ತ ಬದಲಾಗುತ್ತಿತ್ತು.

ಡ್ಯುಸೆಲ್ಡಾರ್ಫ್ ರೂಪಕ್ಕೆ ಇನ್ನೊಂದೇ ಅರ್ಥವಿತ್ತು. ಅದು ಕ್ರಾಫ್ಟ್‌ವರ್ಕ್‌ನ ತವರು. ರಾಲ್ಫ್ ಹ್ಯುಟರ್ ಮತ್ತು ಫ್ಲೋರಿಯಾನ್ ಶ್ನೈಡರ್ 1970ರಲ್ಲಿ ಈ ತಂಡ ಕಟ್ಟಿದರು. ರೈಲು ನಿಲ್ದಾಣದ ಬಳಿಯ 'ಕ್ಲಿಂಗ್ ಕ್ಲಾಂಗ್' ಸ್ಟುಡಿಯೊದಲ್ಲಿ 1974ರ 'ಆಟೋಬಾನ್', 1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್', 1978ರ 'ದ ಮ್ಯಾನ್ ಮಷೀನ್', 1981ರ 'ಕಂಪ್ಯೂಟರ್ ವರ್ಲ್ಡ್' ಸಂಪುಟಗಳು ರೂಪುಗೊಂಡವು. ಶ್ನೈಡರ್ 2020ರ ಏಪ್ರಿಲ್‌ನಲ್ಲಿ, ಲಂಡನ್ ಪ್ರದರ್ಶನ ತೆರೆಯುವ ಮೂರು ತಿಂಗಳ ಮೊದಲು, ತೀರಿಕೊಂಡಿದ್ದರು. ಕಲಾಸಂಗ್ರಹಾಲಯ ಕ್ರಾಫ್ಟ್‌ವರ್ಕ್‌ಗೆ ಹೊಸ ಜಾಗವಲ್ಲ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಂಟು ರಾತ್ರಿ ಎಂಟು ಸಂಪುಟಗಳನ್ನು ನುಡಿಸಿದರು, 2013ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲೂ ಹಾಗೆಯೇ. ಶೀತಲ ಮುಖ, ಕೆಂಪು ಅಂಗಿ, ಕಪ್ಪು ಟೈ, ಯಂತ್ರಮಾನವ ಗೊಂಬೆ ಎಲ್ಲವನ್ನೂ ಮೊದಲಿನಿಂದಲೇ ವಿನ್ಯಾಸವಾಗಿ ಯೋಚಿಸಿದ ತಂಡವಾದ್ದರಿಂದ ಗೋಡೆಯ ಮೇಲೆ ಅದು ಚೆನ್ನಾಗಿ ಕೂರುತ್ತದೆ.

ಯಂತ್ರಗಳು

ಪ್ರದರ್ಶನದ ಮೊದಲ ಭಾಗ ವಾದ್ಯಗಳ ವಂಶಾವಳಿ. ರಷ್ಯಾದ ಲೆವ್ ಟರ್ಮೆನ್ 1920ರ ಸುಮಾರಿಗೆ ರೂಪಿಸಿದ, ಮುಟ್ಟದೆಯೇ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್. ಫ್ರಾನ್ಸಿನ ಮೋರಿಸ್ ಮಾರ್ತೆನೊ 1928ರಲ್ಲಿ ಲೋಕಕ್ಕೆ ತೋರಿಸಿದ 'ಓಂದ್ ಮಾರ್ತೆನೊ'. 1948ರಲ್ಲಿ ಪ್ಯಾರಿಸ್ ರೇಡಿಯೊದಲ್ಲಿ ಪಿಯೆರ್ ಶೆಫೆರ್ ರೈಲಿನ ಸದ್ದನ್ನೇ ಕತ್ತರಿಸಿ ಜೋಡಿಸಿ ಮಾಡಿದ ಸಂಗೀತ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಸಿದ್ಧಪಡಿಸಿದ ಸಿಂಥಸೈಜರ್. ಈ ಸರಣಿ ಎಲ್ಲ ಪಠ್ಯಗಳಲ್ಲೂ ಸಿಗುತ್ತದೆ. ಜಾನ್-ಮಿಷೆಲ್ ಜಾರ್ ಇದೇ ಶೆಫೆರ್ ಅವರ ಸಂಶೋಧನಾ ತಂಡದಲ್ಲಿ ಕಲಿತವರು. ಅಲ್ಲಿಂದ ಹೊರಬಂದು 1976ರಲ್ಲಿ 'ಆಕ್ಸಿಜೆನ್' ಸಂಪುಟದ ಮೂಲಕ ಪ್ರಯೋಗಶಾಲೆಯ ನಾದವನ್ನು ಮನೆಮನೆಗೆ ಮುಟ್ಟಿಸಿದರು.

ಇಂಗ್ಲೆಂಡಿನ ಇಬ್ಬರು ಮಹಿಳೆಯರನ್ನು ಮಾತ್ರ ಇಲ್ಲಿ ನಿಂತು ನೆನೆಯಬೇಕು. ಬಿಬಿಸಿ 1958ರಲ್ಲಿ ಆರಂಭಿಸಿದ ರೇಡಿಯೊಫೋನಿಕ್ ವರ್ಕ್‌ಶಾಪ್‌ನ ಹಿಂದೆ ಡ್ಯಾಫ್ನಿ ಓರಮ್ ಅವರ ಹಲವು ವರ್ಷಗಳ ಒತ್ತಾಯವಿತ್ತು. ಮರುವರ್ಷವೇ ಅವರು ಅಲ್ಲಿಂದ ಹೊರಬಿದ್ದು, ಫಿಲ್ಮ್ ಸುರುಳಿಯ ಮೇಲೆ ಚಿತ್ರ ಬರೆದರೆ ನಾದ ಹೊರಡಿಸುವ ಸ್ವಂತ ಯಂತ್ರ ಕಟ್ಟಲು ತೊಡಗಿದರು. ಅದು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದೇ ವರ್ಕ್‌ಶಾಪ್‌ನಲ್ಲಿ ಡೆಲಿಯಾ ಡರ್ಬಿಶೈರ್ 1963ರಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಟೇಪಿನ ತುಣುಕುಗಳನ್ನು ಒಂದೊಂದಾಗಿ ಅಂಟಿಸಿ ರೂಪಿಸಿದರು. ಸ್ವರ ರಚಿಸಿದವರು ರಾನ್ ಗ್ರೇನರ್. ಅದನ್ನು ಕೇಳಿದವರೆಲ್ಲ ಮರೆಯದ ನಾದವಾಗಿ ಮಾಡಿದ ಡರ್ಬಿಶೈರ್ ಹೆಸರು ಆಗ ತೆರೆಯ ಮೇಲೆ ಕಾಣಿಸಲಿಲ್ಲ.

ಕ್ಲಬ್ ಸಂಗೀತದ ದೃಷ್ಟಿಯಿಂದ ನಿರ್ಣಾಯಕವಾದದ್ದು ಜಪಾನಿನ ರೋಲಂಡ್ ಕಂಪನಿಯ ಎರಡು ಸಣ್ಣ ಪೆಟ್ಟಿಗೆಗಳು. 1980ರಲ್ಲಿ ಬಂದ ಟಿಆರ್-808 ಡ್ರಮ್ ಮಷೀನಿಗೆ ಅಮೆರಿಕದಲ್ಲಿ ಸುಮಾರು 1,200 ಡಾಲರ್ ಬೆಲೆ. ಅದೇ ವರ್ಷ ಬಂದ ಲಿನ್ ಎಲ್ಎಮ್-1 ನಿಜವಾದ ಡೋಲುಗಳ ಧ್ವನಿಮುದ್ರಣ ಬಳಸುತ್ತಿತ್ತು. ಅದರ ಬೆಲೆ ಸುಮಾರು 5,000 ಡಾಲರ್. 808ರ ಡೋಲು ಡೋಲಿನಂತೆ ಕೇಳಿಸುತ್ತಿರಲಿಲ್ಲ. ವಿದ್ಯುನ್ಮಂಡಲದಿಂದ ಹುಟ್ಟಿದ ಆಳವಾದ ಗುಂಯ್ ನಾದ ಅದರದು. ವೃತ್ತಿಪರರು ಒಲ್ಲದ ಕಾರಣ ಸುಮಾರು 12,000 ಮಾರಾಟವಾಗಿ 1983ರಲ್ಲಿ ತಯಾರಿಕೆ ನಿಂತಿತು. ಇನ್ನೊಂದು ಟಿಬಿ-303. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ್ದು. ಆ ಕೆಲಸಕ್ಕೆ ಅದು ಒದಗಲಿಲ್ಲ. ಸುಮಾರು 10,000 ತಯಾರಾಗಿ 1984ಕ್ಕೆ ನಿಂತುಹೋಯಿತು.

ಸೋತ ಯಂತ್ರಗಳು ಹಳೆಯ ಸಾಮಾನಿನ ಅಂಗಡಿಗಳಿಗೆ ಅಗ್ಗದ ಬೆಲೆಗೆ ಬಂದವು. ಸ್ಟುಡಿಯೊ ಬಾಡಿಗೆ ಕೊಡಲಾಗದ, ಬ್ಯಾಂಡ್ ಕಟ್ಟಲಾಗದ ಹುಡುಗರ ಕೈಗೆ ಸಿಕ್ಕವು. ಷಿಕಾಗೊದ ಫ್ಯೂಚರ್ ಎಂಬ ಮೂವರ ತಂಡ 303ರ ಗುಂಡಿಗಳನ್ನು ಸ್ವರ ಓಡುತ್ತಿರುವಾಗಲೇ ತಿರುಗಿಸುತ್ತ ಹೋದಾಗ ಚಿಲಿಪಿಲಿಗುಟ್ಟಿ ಕಿರುಚುವ ಹೊಸ ನಾದವೊಂದು ಹೊರಟಿತು. ಷಿಕಾಗೊದ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಡಿಜೆ ರಾನ್ ಹಾರ್ಡಿ ಅದನ್ನು ನುಡಿಸಿದರು. 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂಬ ಹೆಸರಿನಲ್ಲಿ ತಟ್ಟೆಯಾಗಿ ಹೊರಬಂದ ಈ ರಚನೆಯಿಂದ ಆಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತು. ಗಾಜಿನ ಪೆಟ್ಟಿಗೆಯೊಳಗಿನ 303 ನೋಡಲು ಬೂದುಬಣ್ಣದ ಪ್ಲಾಸ್ಟಿಕ್ ಆಟಿಕೆ. ಈ ಚರಿತ್ರೆ ಗೊತ್ತಿದ್ದರೆ ಮಾತ್ರ ಅದು ಕಾಣುತ್ತದೆ, ಮತ್ತು ಹೆಡ್‌ಫೋನ್ ಇಲ್ಲದೆ ಏನೂ ಕೇಳಿಸುವುದಿಲ್ಲ.

ಕುಣಿತದ ಅಂಗಳ

ಹೌಸ್ ಮತ್ತು ಟೆಕ್ನೊ ಎರಡರ ಬೆನ್ನೆಲುಬು ಒಂದೇ: ನಾಲ್ಕು ಮಾತ್ರೆಗಳಲ್ಲಿ ನಾಲ್ಕಕ್ಕೂ ಸಮನಾಗಿ ಬೀಳುವ ದಪ್ಪ ಡೋಲಿನ ಪೆಟ್ಟು, ನಿಮಿಷಕ್ಕೆ 120ರಿಂದ 150ರವರೆಗಿನ ವೇಗ. ಡಿಜೆ ಎರಡು ತಿರುಗುಮಣೆಗಳ ಮೇಲಿನ ಎರಡು ತಟ್ಟೆಗಳ ವೇಗವನ್ನು ಹೊಂದಿಸಿ ಒಂದರೊಳಗೊಂದು ಕರಗಿಸುತ್ತಾನೆ. ಹಾಗಾಗಿ ರಾತ್ರಿ ಪೂರ್ತಿ ತಾಳ ಕಡಿಯುವುದಿಲ್ಲ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್ಎಲ್-1200, ವಿಶೇಷವಾಗಿ ವೇಗ ಹೊಂದಿಸುವ ಜಾರುಗುಂಡಿ ಪಡೆದ 1979ರ ಅದರ ಎರಡನೆಯ ಮಾದರಿ, ಈ ಕಲೆಯ ಮುಖ್ಯ ವಾದ್ಯವಾಯಿತು.

ಈ ಕಲೆ ಬೆಳೆದ ಜಾಗಗಳು ನ್ಯೂಯಾರ್ಕಿನವು. ಡೇವಿಡ್ ಮಂಕೂಸೊ 1970ರ ಫೆಬ್ರವರಿ 14ರಂದು ತಮ್ಮ ಮನೆಯಲ್ಲೇ ನಡೆಸಿದ ಕೂಟ 'ದ ಲಾಫ್ಟ್' ಆಯಿತು. ಅಲ್ಲಿ ಮದ್ಯ ಮಾರುತ್ತಿರಲಿಲ್ಲ, ಆಹ್ವಾನಿತರಿಗಷ್ಟೇ ಪ್ರವೇಶ. ಮ್ಯಾನ್ಹಟನ್ನಿನ ಕಿಂಗ್ ಬೀದಿಯಲ್ಲಿ ಕಾರು ನಿಲ್ಲಿಸುವ ಕಟ್ಟಡವೊಂದರಲ್ಲಿ ತಲೆಯೆತ್ತಿದ 'ಪ್ಯಾರಡೈಸ್ ಗ್ಯಾರೇಜ್' 1987ರವರೆಗೆ ನಡೆಯಿತು. ಅದರ ಡಿಜೆ ಲ್ಯಾರಿ ಲೆವಾನ್, ಧ್ವನಿವ್ಯವಸ್ಥೆ ರಿಚರ್ಡ್ ಲಾಂಗ್ ಅವರದು. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನ್ ಮೂಲದ ಸಲಿಂಗಿ ಯುವಕರು. ಬೀದಿಯಲ್ಲಿ, ಕೆಲಸದಲ್ಲಿ, ಎಷ್ಟೋ ವೇಳೆ ಸ್ವಂತ ಮನೆಯಲ್ಲೂ ತಾವಾಗಿ ಬದುಕಲಾಗದವರಿಗೆ ವಾರಕ್ಕೊಂದು ರಾತ್ರಿ ಸಿಕ್ಕ ಬಿಡುಗಡೆ ಅದು. 1977ರಲ್ಲಿ ತೆರೆದ ಸ್ಟುಡಿಯೊ 54 ಕ್ಲಬ್ಬಿನ ತಾರೆಯರ ಚಿತ್ರಗಳು ಎಲ್ಲ ಕಡೆ ಸಿಗುತ್ತವೆ. ಆದರೆ ಸಂಗೀತದ ದಾರಿ ಬದಲಿಸಿದ್ದು ಕಿಂಗ್ ಬೀದಿಯ ಗ್ಯಾರೇಜು.

ಲೆವಾನರ ಗೆಳೆಯ ಫ್ರಾಂಕಿ ನಕಲ್ಸ್ 1977ರಲ್ಲಿ ನ್ಯೂಯಾರ್ಕ್ ಬಿಟ್ಟು ಷಿಕಾಗೊದ 'ವೇರ್‌ಹೌಸ್' ಕ್ಲಬ್ಬಿಗೆ ಡಿಜೆ ಆಗಿ ಹೋದರು. ಎರಡೇ ವರ್ಷದಲ್ಲಿ, 1979ರ ಜುಲೈ 12ರಂದು, ಅದೇ ಊರಿನ ಕೊಮಿಸ್ಕಿ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೊ ನಿರೂಪಕನೊಬ್ಬನ ಕರೆಯ ಮೇಲೆ ಸಾವಿರಾರು ಜನ ಡಿಸ್ಕೊ ತಟ್ಟೆಗಳನ್ನು ತಂದು ಸ್ಫೋಟಿಸಿ ಮೈದಾನಕ್ಕೆ ನುಗ್ಗಿದರು. ರಾಕ್ ಅಭಿಮಾನದ ಹೆಸರಿನಲ್ಲಿ ನಡೆದ ಆ ಸುಡುವಿಕೆಯಲ್ಲಿ ಕಪ್ಪು ಜನರ, ಸಲಿಂಗಿಗಳ ಮೇಲಿನ ಹಗೆ ಸ್ಪಷ್ಟವಾಗಿತ್ತು. ಡಿಸ್ಕೊ ದೊಡ್ಡ ಕಂಪನಿಗಳ ಪಟ್ಟಿಯಿಂದ ಮರೆಯಾಯಿತು. ವೇರ್‌ಹೌಸ್‌ನಲ್ಲಿ ಅದು ಮರೆಯಾಗಲಿಲ್ಲ. ಹೊಸ ತಟ್ಟೆಗಳು ಬರುವುದು ಕಡಿಮೆಯಾದಾಗ ನಕಲ್ಸ್ ಹಳೆಯವನ್ನೇ ಟೇಪಿನಲ್ಲಿ ಕತ್ತರಿಸಿ ಹಿಗ್ಗಿಸಿದರು, ಅಡಿಯಲ್ಲಿ ಡ್ರಮ್ ಮಷೀನ್ ಹರಿಸಿದರು. ಆ ಕ್ಲಬ್ಬಿನ ಹೆಸರಿನ ಕೊನೆಯ ತುಣುಕೇ 'ಹೌಸ್' ಸಂಗೀತದ ಹೆಸರಾಗಿ ಉಳಿಯಿತು. 2004ರಲ್ಲಿ ನಗರವು ಆ ಕ್ಲಬ್ ಇದ್ದ ಬೀದಿಗೆ ನಕಲ್ಸ್ ಅವರ ಗೌರವ ನಾಮಕರಣ ಮಾಡಿತು.

ಡೆಟ್ರಾಯ್ಟ್‌ನ ಕಥೆ ಬೇರೆ. ಕಾರು ಕಾರ್ಖಾನೆಗಳ ಈ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1990ರ ವೇಳೆಗೆ ಸುಮಾರು 10 ಲಕ್ಷಕ್ಕೆ ಇಳಿದಿತ್ತು. ಜೋಡಣೆ ಸಾಲಿಗೆ ಯಂತ್ರಮಾನವ ಬಂದು ಮನುಷ್ಯ ಹೊರಹೋಗುತ್ತಿದ್ದ ಊರಿನ ಹುಡುಗರು ಯಂತ್ರವನ್ನು ತಮ್ಮದಾಗಿಸಿಕೊಳ್ಳಲು ಹೊರಟರು. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಹತ್ತಿರದ ಬೆಲ್ವಿಲ್ ಊರಿನ ಶಾಲೆಯ ಗೆಳೆಯರು. 'ಎಲೆಕ್ಟ್ರಿಫೈಯಿಂಗ್ ಮೋಜೊ' ಎಂಬ ಹೆಸರಿನ ರೇಡಿಯೊ ನಿರೂಪಕರು ರಾತ್ರಿ ಹೊತ್ತು ಕ್ರಾಫ್ಟ್‌ವರ್ಕ್, ಪ್ರಿನ್ಸ್, ಪಾರ್ಲಮೆಂಟ್ ಎಲ್ಲವನ್ನೂ ಒಂದರ ಪಕ್ಕ ಒಂದು ಹಾಕುತ್ತಿದ್ದುದನ್ನು ಕೇಳಿ ಬೆಳೆದವರು. ಆಟ್ಕಿನ್ಸ್ ಇದ್ದ ಸೈಬೊಟ್ರಾನ್ ತಂಡದ ಮೊದಲ ತಟ್ಟೆ 1981ರಲ್ಲಿ ಬಂತು, ಮೇ ಅವರ 'ಸ್ಟ್ರಿಂಗ್ಸ್ ಆಫ್ ಲೈಫ್' 1987ರಲ್ಲಿ. ಮರುವರ್ಷ ಬ್ರಿಟನ್ನಿನಲ್ಲಿ ಹೊರಬಂದ ಸಂಕಲನವೊಂದು ಈ ಸಂಗೀತಕ್ಕೆ 'ಟೆಕ್ನೊ' ಎಂಬ ಹೆಸರನ್ನು ಜಗತ್ತಿನಲ್ಲಿ ಸ್ಥಿರಗೊಳಿಸಿತು.

ಅವರ ನಂತರದ ತಲೆಮಾರಿನ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಬಳಗ ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್, ರಾಬರ್ಟ್ ಹುಡ್ ಅವರಿಂದ ರೂಪುಗೊಂಡಿತು. ಮುಖ ಮುಚ್ಚಿಕೊಂಡು, ದೊಡ್ಡ ಕಂಪನಿಗಳಿಂದ ದೂರ ನಿಂತು, ತಮ್ಮ ತಟ್ಟೆಗಳನ್ನು ತಾವೇ ಹಂಚಿದವರು. ಜೇಮ್ಸ್ ಸ್ಟಿನ್ಸನ್ ಮತ್ತು ಜೆರಾಲ್ಡ್ ಡೊನಾಲ್ಡ್ ಅವರ ಡ್ರೆಕ್ಸಿಯಾ ಜೋಡಿ ಒಂದು ಪುರಾಣವನ್ನೇ ಕಟ್ಟಿತು. ಅಟ್ಲಾಂಟಿಕ್ ಸಾಗರದಲ್ಲಿ ಗುಲಾಮರ ಹಡಗುಗಳಿಂದ ನೀರಿಗೆ ಎಸೆಯಲ್ಪಟ್ಟ ಗರ್ಭಿಣಿಯರ ಮಕ್ಕಳು ನೀರಿನಲ್ಲೇ ಉಸಿರಾಡಲು ಕಲಿತು ಸಾಗರದಡಿ ರಾಷ್ಟ್ರ ಸ್ಥಾಪಿಸಿದರು ಎಂಬುದು ಅದರ ಸಾರ. ಇದಕ್ಕೆ ರೂಪ ಕೊಟ್ಟ ಚಿತ್ರಕಾರ ಅಬ್ದುಲ್ ಖಾದಿಂ ಹಕ್. ಯಂತ್ರದ ಸಂಗೀತಕ್ಕೆ ನೆನಪಿಲ್ಲ, ದುಃಖವಿಲ್ಲ ಎನ್ನುವವರು ಈ ತಟ್ಟೆಗಳನ್ನು ಕೇಳಬೇಕು.

ಬ್ರಿಟನ್ನಿಗೆ ಈ ನಾದ ಬಂದಿಳಿದ ಮುಖ್ಯ ಜಾಗಗಳಲ್ಲೊಂದು ಹಸಿಯೆಂಡಾ. ಫ್ಯಾಕ್ಟರಿ ರೆಕಾರ್ಡ್ಸ್ ಸಂಸ್ಥೆ ಮತ್ತು ನ್ಯೂ ಆರ್ಡರ್ ತಂಡ ಸೇರಿ 1982ರ ಮೇ 21ರಂದು ತೆರೆದ ಕ್ಲಬ್ ಇದು. ವಿನ್ಯಾಸಕಾರ ಬೆನ್ ಕೆಲ್ಲಿ ಕಾರ್ಖಾನೆಯ ಅಪಾಯಸೂಚಕ ಹಳದಿ-ಕಪ್ಪು ಪಟ್ಟೆಗಳನ್ನು ಕಂಬಗಳಿಗೆ ಬಳಿಸಿದರು, ರಸ್ತೆಯ ಗೂಟ, ದೀಪಗಳನ್ನು ಕುಣಿತದ ಅಂಗಳದ ಅಂಚಿಗೆ ತಂದರು. ನೂಲಿನ ಗಿರಣಿಗಳು ಮುಚ್ಚಿಹೋದ ಊರಿನಲ್ಲಿ ಅದಕ್ಕೆ ತೂಕವಿತ್ತು. 1988ರ ಬೇಸಗೆಯಲ್ಲಿ ಆಸಿಡ್ ಹೌಸ್ ಅಲ್ಲಿಂದ, ಲಂಡನ್ನಿನ ಶೂಮ್‌ನಂಥ ಕ್ಲಬ್ಬುಗಳಿಂದ ದೇಶಕ್ಕೆಲ್ಲ ಹರಡಿತು. ಹಣದ ನಷ್ಟ, ಮಾದಕ ವಸ್ತು ಜಾಲಗಳ ಹಿಂಸೆ ಸೇರಿ 1997ರಲ್ಲಿ ಕ್ಲಬ್ ಮುಚ್ಚಿತು. 2000ದಲ್ಲಿ ಅದರ ಅವಶೇಷಗಳ ಹರಾಜಾಯಿತು. ಇಟ್ಟಿಗೆ, ನೆಲಹಾಸಿನ ಹಲಗೆಗಳನ್ನೂ ಜನ ಕೊಂಡೊಯ್ದರು. ಕಟ್ಟಡ ಕೆಡವಿದ ಜಾಗದಲ್ಲಿ ಅದೇ ಹೆಸರಿನ ವಸತಿ ಸಮುಚ್ಚಯ ಎದ್ದಿತು. ಕ್ಲಬ್ಬಿನ ತುಣುಕು ಸಂಗ್ರಹಾಲಯದ ವಸ್ತುವಾಗುವುದು ಕೇವಲ ಅಭಿಮಾನದಿಂದಲ್ಲ; ಮೂಲ ಕಟ್ಟಡ ಉಳಿಯುವುದಿಲ್ಲ ಎಂಬ ಕಾರಣದಿಂದ.

ಬಯಲುಗಳಲ್ಲಿ ನಡೆದ ರೇವ್ ಕೂಟಗಳನ್ನು ಬ್ರಿಟಿಷ್ ಸರ್ಕಾರ 1994ರ ಕ್ರಿಮಿನಲ್ ಜಸ್ಟಿಸ್ ಕಾನೂನಿನಿಂದ ಹತ್ತಿಕ್ಕಿತು. 1992ರ ಮೇ ತಿಂಗಳಲ್ಲಿ ಕಾಸಲ್‌ಮಾರ್ಟನ್ ಬಯಲಿನಲ್ಲಿ ಸೇರಿದ ಭಾರಿ ಜನ ಅದಕ್ಕೆ ನೆಪ. ಕಾನೂನಿನ 63ನೆಯ ಕಲಮು, ಮರುಕಳಿಸುವ ತಾಳದ ಪೆಟ್ಟುಗಳ ಸಂಗೀತವನ್ನು ಹೆಸರಿಸಿ ಅಂಥ ಕೂಟಗಳನ್ನು ಚದುರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಪ್ರತಿಯಾಗಿ ಆಟೆಕರ್ ಜೋಡಿ 'ಆಂಟಿ' ಎಂಬ ತಟ್ಟೆ ತಂದರು. ಅದರ ಒಂದು ರಚನೆಯಲ್ಲಿ ಯಾವ ಎರಡು ಆವರ್ತವೂ ಒಂದೇ ಥರ ಇರದಂತೆ ತಾಳ ಹೆಣೆದಿದ್ದರು. ವಿನ್ಯಾಸದ ಪ್ರದರ್ಶನವೊಂದರಲ್ಲಿ ಈ ರಾಜಕೀಯಕ್ಕೆ ಸಿಕ್ಕ ಜಾಗ ಕಡಿಮೆಯೇ.

ಬಾಗಿಲು ಮುಚ್ಚಿದ ಕಾಲ

ಲಂಡನ್ ಪ್ರದರ್ಶನ 2020ರ ಏಪ್ರಿಲ್ 1ಕ್ಕೆ ತೆರೆಯಬೇಕಿತ್ತು. ಕೋವಿಡ್ ಬಂದು ನಾಲ್ಕು ತಿಂಗಳು ತಡವಾಯಿತು. ಇಂಗ್ಲೆಂಡಿನ ರಾತ್ರಿಕ್ಲಬ್ಬುಗಳು ಮಾರ್ಚ್ 20ರಂದು ಮುಚ್ಚಿದ್ದವು. ಮತ್ತೆ ತೆರೆದದ್ದು 2021ರ ಜುಲೈ 19ರಂದು. ಹೀಗಾಗಿ ಪ್ರದರ್ಶನ ನಡೆದ ಅಷ್ಟೂ ದಿನ ನಗರದಲ್ಲಿ ಒಂದು ಕ್ಲಬ್ಬೂ ತೆರೆದಿರಲಿಲ್ಲ. ಸಮಯ ನಿಗದಿಯಾದ ಟಿಕೆಟ್ ಪಡೆದು, ಮುಖಗವಸು ಧರಿಸಿ, ಅಂತರ ಕಾಯ್ದುಕೊಂಡು ಬಂದವರು ಸ್ಮಿತ್ ಮತ್ತು ಲಯಾಲ್ ಕೋಣೆಯಲ್ಲಿ ತಿಂಗಳುಗಳ ನಂತರ ಮೊದಲ ಸಲ ಮೈಯಲ್ಲಿ ಬೇಸ್ ಅನುಭವಿಸಿದರು. ಚರಿತ್ರೆಯೆಂದು ಯೋಜಿಸಿದ್ದು ವರ್ತಮಾನದ ಕೊರತೆಯನ್ನು ತುಂಬಬೇಕಾಯಿತು. ಪ್ರದರ್ಶನಕ್ಕೆ ಬಂದ ಜನಪ್ರಿಯತೆಯನ್ನು ಇದರಿಂದ ಬೇರ್ಪಡಿಸಿ ನೋಡಲಾಗದು. ನವೆಂಬರಿನ ಎರಡನೆಯ ಲಾಕ್‌ಡೌನ್‌ನಲ್ಲಿ ಸಂಗ್ರಹಾಲಯವೂ ಮುಚ್ಚಿ ತೆರೆಯಿತು. ಡಿಸೆಂಬರ್ ಮಧ್ಯದಲ್ಲಿ ಲಂಡನ್ನಿನ ಸಂಗ್ರಹಾಲಯಗಳೆಲ್ಲ ಮತ್ತೆ ಬಾಗಿಲು ಹಾಕಿದವು. 2021ರ ಫೆಬ್ರವರಿ 14ರವರೆಗೆ ನಡೆಯಬೇಕಿದ್ದ ಪ್ರದರ್ಶನ ಅಲ್ಲಿಗೇ ನಿಂತಿತು.

ಅದೇ ಕಾಲದಲ್ಲಿ ಬರ್ಲಿನ್ನಿನಲ್ಲಿ ಇದರ ತಿರುವುಮುರುವು ನಡೆಯಿತು. ಹಳೆಯ ವಿದ್ಯುತ್ ಸ್ಥಾವರದಲ್ಲಿರುವ ಬೆರ್ಗ್‌ಹೈನ್ ಕ್ಲಬ್ ಮುಚ್ಚಿದ್ದಾಗ, 2020ರ ಸೆಪ್ಟೆಂಬರಿನಲ್ಲಿ, ಬೊರೊಸ್ ಪ್ರತಿಷ್ಠಾನ ಅಲ್ಲಿ 'ಸ್ಟುಡಿಯೊ ಬರ್ಲಿನ್' ಎಂಬ ಕಲಾಪ್ರದರ್ಶನ ಏರ್ಪಡಿಸಿತು. ನಗರದಲ್ಲಿ ನೆಲೆಸಿದ್ದ ನೂರಕ್ಕೂ ಹೆಚ್ಚು ಕಲಾವಿದರ ಕೃತಿಗಳು ಕುಣಿತದ ಅಂಗಳದಲ್ಲಿ, ಶೌಚಾಲಯಗಳ ಬಳಿ, ಬಾರ್ ಕಟ್ಟೆಯ ಮೇಲೆ ಕೂತವು. ಕ್ಲಬ್ಬಿನಲ್ಲಿ ಫೋಟೊ ನಿಷೇಧ. ಪ್ರದರ್ಶನಕ್ಕೂ ಆ ನಿಯಮ ಸಡಿಲಲಿಲ್ಲ. ಕ್ಯಾಮೆರಾ ಕಣ್ಣಿಲ್ಲದ ಜಾಗದಲ್ಲೇ ಮನುಷ್ಯ ನಿಶ್ಚಿಂತೆಯಿಂದ ಕುಣಿಯಬಲ್ಲ ಎಂಬ ನಂಬಿಕೆ ಆ ನಿಯಮದ ಹಿಂದಿದೆ. ಸಂಗ್ರಹಾಲಯಗಳಿಗೆ ಬರ್ಲಿನ್ ರಾತ್ರಿಗಳ ಚಿತ್ರ ಕಡಿಮೆ ಸಿಗುವುದಕ್ಕೂ ಇದೇ ಕಾರಣ. ಬರ್ಲಿನ್ನಿನ ಛಾಯಾಚಿತ್ರ ಗ್ಯಾಲರಿ ಸಿಓ 2019ರಲ್ಲಿ ನಡೆಸಿದ ಕ್ಲಬ್ ಪ್ರದರ್ಶನದ ಹೆಸರೇ 'ಡ್ಯಾನ್ಸ್ ಫ್ಲೋರಿನಲ್ಲಿ ಫೋಟೊ ಬೇಡ' ಎಂದಿತ್ತು.

ಶೀರ್ಷಿಕೆಯ ಪ್ರಶ್ನೆ

ಮೂರೂ ನಗರಗಳಲ್ಲಿ ಹೆಸರು ಕ್ರಾಫ್ಟ್‌ವರ್ಕ್‌ನಿಂದ ಆರಂಭವಾಗುತ್ತದೆ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಜೋಡಿಯಲ್ಲಿ, ಲಂಡನ್ನಿನಲ್ಲಿ ಇಂಗ್ಲಿಷ್ ಜೋಡಿಯಲ್ಲಿ ಮುಗಿಯುತ್ತದೆ. ಟಿಕೆಟ್ ಮಾರಲು ಪರಿಚಿತ ಹೆಸರು ಬೇಕೆಂಬುದು ಅರ್ಥವಾಗುತ್ತದೆ. ಕ್ರಾಫ್ಟ್‌ವರ್ಕ್‌ನ ಋಣವೂ ಸುಳ್ಳಲ್ಲ. 1982ರಲ್ಲಿ ಆಫ್ರಿಕಾ ಬಂಬಾಟಾ ಅವರ 'ಪ್ಲಾನೆಟ್ ರಾಕ್' ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್‌ನ ಸ್ವರವನ್ನು 808ರ ತಾಳದ ಮೇಲೆ ಕೂರಿಸಿಯೇ ನ್ಯೂಯಾರ್ಕಿನ ಬೀದಿಗಳನ್ನು ಗೆದ್ದಿತು. ಆದರೂ ಯುರೋಪಿನಲ್ಲಿ ಹುಟ್ಟಿ ಯುರೋಪಿನಲ್ಲೇ ಮುಗಿಯುವ ಗೆರೆಯೊಂದನ್ನು ಈ ಶೀರ್ಷಿಕೆಗಳು ಎಳೆಯುತ್ತವೆ. ಷಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕ್ ಆ ಗೆರೆಯ ನಡುವಿನ ನಿಲ್ದಾಣಗಳಾಗುತ್ತವೆ. ಒಳಗಿನ ಕೋಣೆಗಳಲ್ಲಿ ಡೆಟ್ರಾಯ್ಟ್‌ಗೂ ಷಿಕಾಗೊಗೂ ಜಾಗವಿತ್ತು ನಿಜ. ಬೀದಿಯ ಭಿತ್ತಿಪತ್ರ ನೋಡಿದವನಿಗೆ ಮಾತ್ರ ಈ ಸಂಗೀತವನ್ನು ಕಪ್ಪು ಯುವಜನರು ಕಟ್ಟಿದರೆಂಬ ಸುಳಿವೂ ಸಿಗುವುದಿಲ್ಲ. ಪ್ರದರ್ಶನದ ಅತಿ ದೊಡ್ಡ ಕೊರತೆ ಇದು.

ಗೆರೆಯ ಆಚೆ ಉಳಿದದ್ದರಲ್ಲಿ ಭಾರತವೂ ಸೇರಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಸ್ಥಾಪನೆಯಾಗಿತ್ತು. ಅದನ್ನು ಸಜ್ಜುಗೊಳಿಸಿದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಅದರ ಹಿಂದೆ ಸಂಗೀತಗಾರ್ತಿ ಗೀತಾ ಸಾರಾಭಾಯಿ ಅವರ ಆಸಕ್ತಿಯಿತ್ತು. ಅಲ್ಲಿನ ಟೇಪುಗಳನ್ನು ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಸಂಸ್ಥೆಯ ಸಂಗ್ರಹದಲ್ಲಿ ಗುರುತಿಸಿದರು. 1969ರಿಂದ 1972ರವರೆಗಿನ ರಚನೆಗಳು 2023ರಲ್ಲಿ ಸಂಪುಟವಾಗಿ ಬಂದವು. ಮುಂಬಯಿಯ ಚಿತ್ರರಂಗದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ಟಿಬಿ-303 ಮತ್ತು ಟಿಆರ್-808 ಬಳಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದ್ದರು. ಷಿಕಾಗೊದ ಆಸಿಡ್ ಟ್ರ್ಯಾಕ್ಸ್‌ಗೆ ಐದು ವರ್ಷ ಮೊದಲು ಬಂದ ಆ ತಟ್ಟೆ 2010ರಲ್ಲಿ ಮರುಮುದ್ರಣವಾದಾಗಲೇ ಲೋಕದ ಕಿವಿಗೆ ಬಿತ್ತು. ಅದರಿಂದ ಷಿಕಾಗೊದವರು ಕಲಿತರೆಂದಲ್ಲ. ಒಂದೇ ಯಂತ್ರ ಎರಡು ಕಡೆ ಎರಡು ಸಂಗೀತಕ್ಕೆ ಒದಗಿತು. ಮಾಲಕೌಂಸದ ನಿಧಾನ ಜಾರುವ ಸ್ವರಗಳು 303ರ ಜಾರುಗುಂಡಿಗೆ ಎಷ್ಟು ಸಹಜವಾಗಿ ಹೊಂದಿವೆಯೆಂದು ಕೇಳಿಯೇ ತಿಳಿಯಬೇಕು.

ಕರ್ನಾಟಕದ ಮಟ್ಟಿಗೆ ಎಲೆಕ್ಟ್ರಾನಿಕ್ ವಾದ್ಯದ ಚರಿತ್ರೆ ಕುಣಿತಕ್ಕಿಂತ ಕಛೇರಿಗೆ ಹತ್ತಿರ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ದೇಶದ ಉದ್ದಗಲಕ್ಕೆ ಸಂಗೀತದ ಮನೆಗಳನ್ನು ಸೇರಿವೆ. ಅದೇ ಊರಿನ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯ ಪೂರ್ಣವಾಗಿ ತೆರೆದದ್ದು ಪ್ಯಾರಿಸ್ಸಿನ ಪ್ರದರ್ಶನ ನಡೆದ 2019ರಲ್ಲೇ.

ಇತರ ಪ್ರದರ್ಶನಗಳು

ಇದೇ ವಿಷಯದ ಪ್ರದರ್ಶನಗಳಲ್ಲಿ ವಿಟ್ರಾ ಡಿಸೈನ್ ಮ್ಯೂಸಿಯಂನ 'ನೈಟ್ ಫೀವರ್' ಹೆಚ್ಚು ಗಟ್ಟಿಯಾದದ್ದು. ಜರ್ಮನಿಯ ವೈಲ್ ಆಮ್ ರೈನ್ ಊರಿನಲ್ಲಿ 2018ರ ಮಾರ್ಚ್ 17ರಂದು ಆರಂಭವಾಗಿ ಬ್ರಸೆಲ್ಸ್, ಇಟಲಿಯ ಪ್ರಾಟೊ, ಸ್ಕಾಟ್ಲೆಂಡಿನ ಡಂಡಿ ಮೊದಲಾದ ಕಡೆ ಸಂಚರಿಸಿತು. ಅದು ಸಂಗೀತಕ್ಕಿಂತ ಕ್ಲಬ್ಬಿನ ಕಟ್ಟಡವನ್ನು ಹಿಡಿದು ಹೊರಟಿತು. ಇಟಲಿಯ ಕ್ರಾಂತಿಕಾರಿ ವಾಸ್ತುಶಿಲ್ಪಿಗಳು 1960ರ ದಶಕದಲ್ಲಿ ಕಟ್ಟಿದ ಟ್ಯೂರಿನ್ನಿನ ಪೈಪರ್, ಫ್ಲಾರೆನ್ಸಿನ ಸ್ಪೇಸ್ ಎಲೆಕ್ಟ್ರಾನಿಕ್, ನ್ಯೂಯಾರ್ಕಿನಲ್ಲಿ ಅರಾಟಾ ಇಸೊಜಾಕಿ 1985ರಲ್ಲಿ ರೂಪಿಸಿದ ಪಲೇಡಿಯಮ್ ಅದರಲ್ಲಿದ್ದವು. ಗೋಡೆ, ನೆಲ, ಬೆಳಕು, ಧ್ವನಿ, ಜನ ಎಲ್ಲ ಸೇರಿದ ಇಡೀ ಪರಿಸರವೇ ಕೃತಿ ಎಂಬ ಅದರ ವಾದಕ್ಕೆ ಸಂಗ್ರಹಾಲಯದ ಸಾಧನಗಳು, ಅಂದರೆ ನಕ್ಷೆ, ಮಾದರಿ, ಪೀಠೋಪಕರಣ, ಸುಲಭವಾಗಿ ಒದಗಿದವು.

ಶಾಶ್ವತ ಸಂಗ್ರಹಾಲಯವಾಗಿ ಫ್ರಾಂಕ್‌ಫರ್ಟಿನ ಮೊಮೆಮ್ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಮೊದಲ ಪ್ರದರ್ಶನ ಆ ಊರಿನವರೇ ಆದ ಡಿಜೆ ಸ್ವೆನ್ ವೇಟ್ ಅವರನ್ನು ಕುರಿತದ್ದು. ಕಾನೂನು ಮತ್ತು ಸರ್ಕಾರಗಳ ಕಡೆಯಿಂದಲೂ ಮಾನ್ಯತೆ ಬಂದಿದೆ. 2016ರಲ್ಲಿ ಜರ್ಮನಿಯ ತೆರಿಗೆ ನ್ಯಾಯಾಲಯವೊಂದು ಬೆರ್ಗ್‌ಹೈನ್‌ನ ರಾತ್ರಿಗಳನ್ನು ಸಂಗೀತ ಕಛೇರಿಗೆ ಸಮನೆಂದು ಪರಿಗಣಿಸಿ ಶೇ 19ರ ಬದಲು ಶೇ 7ರ ತೆರಿಗೆ ಸಾಕೆಂದಿತು. 2021ರ ಮೇ ತಿಂಗಳಲ್ಲಿ ಜರ್ಮನ್ ಸಂಸತ್ತು ಕ್ಲಬ್ಬುಗಳನ್ನು ಸಾಂಸ್ಕೃತಿಕ ನೆಲೆಗಳೆಂದು ಗುರುತಿಸಬೇಕೆಂದು ನಿರ್ಣಯಿಸಿತು. 2024ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಟೆಕ್ನೊ ಸಂಸ್ಕೃತಿ ದೇಶದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಆ ವರ್ಷದ ಕೊನೆಯ ರಾತ್ರಿಯೇ ಸ್ಪ್ರೇ ನದಿಯ ದಡದ ಪ್ರಸಿದ್ಧ ವಾಟರ್‌ಗೇಟ್ ಕ್ಲಬ್, ಏರಿದ ಖರ್ಚು ತಾಳಲಾರದೆ, ಮುಚ್ಚಿತು.

ಇವೆಲ್ಲಕ್ಕಿಂತ ಮೊದಲೇ ಸಂಗ್ರಹಾಲಯ ಕಟ್ಟಿಕೊಂಡವರು ಡೆಟ್ರಾಯ್ಟ್‌ನವರು. ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ 3000 ಸಂಖ್ಯೆಯ ಕಟ್ಟಡದಲ್ಲಿ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗ ಮತ್ತು ಅದರ ವಿತರಣಾ ಸಂಸ್ಥೆ ಸಬ್‌ಮರ್ಜ್ ನಡೆಸುವ 'ಎಕ್ಸಿಬಿಟ್ 3000'ದಲ್ಲಿ ಹಳೆಯ ಡ್ರಮ್ ಮಷೀನ್‌ಗಳು, ತಟ್ಟೆ ಕೊರೆಯುವ ಉಪಕರಣ, ಕರಪತ್ರ, ಪತ್ರಿಕಾ ತುಣುಕುಗಳಿವೆ. ಮೊದಲೇ ತಿಳಿಸಿ ಹೋಗಬೇಕು. ಈ ಸಂಗೀತದಲ್ಲಿ ಭಾಗಿಯಾದವರೇ ಜೊತೆಯಲ್ಲಿ ನಡೆದು ವಿವರಿಸುತ್ತಾರೆ. ಕೆಳಗಿನ ನೆಲಮಾಳಿಗೆಯಲ್ಲಿ ತಟ್ಟೆಗಳ ಅಂಗಡಿ ಇದೆ. ಅಲ್ಲಿ ಹಳೆಯ ರಚನೆಗಳ ಜೊತೆಗೆ ಅದೇ ಬಳಗದ ಹೊಸ ತಟ್ಟೆಗಳೂ ಮಾರಾಟಕ್ಕಿವೆ.